ಕನ್ನಡ ಹೆಸರಿನ ಕಡತಗಳು

ಹಾವೇರಿಯ ಕೋರ್ಟಿನ ಎದುರಿಗೆ ಆಗ ನನ್ನದೊಂದು ಸಣ್ಣ ಟೈಪಿಂಗ್ ಅಂಗಡಿ ಇತ್ತು. ಎರಡು ಕಂಪ್ಯೂಟರು, ಒಂದು ಪ್ರಿಂಟರು, ಬಾಗಿಲಲ್ಲಿ ಒಂದು ಬೆಂಚು. ವಕೀಲರ ಅರ್ಜಿ, ಆಸ್ತಿ ಪಾಲಿನ ವಾಟ್ನಿ ಪತ್ರ, ಲಗ್ನಪತ್ರಿಕೆ, ಏನು ಬಂದರೂ ಟೈಪು ಮಾಡಿಕೊಡುತ್ತಿದ್ದೆ. ಇಂಗ್ಲಿಷಿನಲ್ಲಿ ತಪ್ಪು ಹೊಡೆದರೆ ಪದದ ಕೆಳಗೆ ಕೆಂಪು ಗೆರೆ ಮೂಡುತ್ತಿತ್ತು. ಕನ್ನಡದಲ್ಲಿ ಹೇಗೆ ಹೊಡೆದರೂ ಕಂಪ್ಯೂಟರು ಸುಮ್ಮನೆ ಕೂತಿರುತ್ತಿತ್ತು. ಧಾರವಾಡದಲ್ಲಿ ಓದುವಾಗ ಪ್ರೋಗ್ರಾಮಿಂಗ್ ಒಂದಿಷ್ಟು ಕಲಿತಿದ್ದರಿಂದ, ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಕನ್ನಡಕ್ಕೊಂದು ಕಾಗುಣಿತ ಪರೀಕ್ಷಕವನ್ನು ಬರೆಯತೊಡಗಿದೆ. ತಕ್ಕಮಟ್ಟಿಗೆ ನಡೆಯುತ್ತದೆ ಅನ್ನಿಸಿದಾಗ ಅದರ ಮೂಲವನ್ನೆಲ್ಲ ಇಂಟರ್ನೆಟ್ಟಿಗೆ ಹಾಕಿದೆ. ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಹಂಚಬಹುದು. ಮುಕ್ತ ತಂತ್ರಾಂಶ ಅನ್ನುತ್ತಾರಲ್ಲ, ಅದು.

ಇದಕ್ಕೆ ಕೈಜೋಡಿಸಿದವರು ಇಬ್ಬರು. ಇಬ್ಬರೂ ಬೆಂಗಳೂರಿನಿಂದ ಬರಲಿಲ್ಲ. ಒಬ್ಬರು ಬ್ಯಾಡಗಿಯವರು, ಇನ್ನೊಬ್ಬಳು ಮೇಡ್ಲೇರಿಯವಳು.

ಬ್ಯಾಡಗಿಯವರು ಮೆಣಸಿನಕಾಯಿ ವ್ಯಾಪಾರಿಗಳು, ಅರವತ್ತರ ಹತ್ತಿರದವರು. ನಾನು ಅವರನ್ನು ಕಾಕಾ ಅನ್ನುತ್ತಿದ್ದೆ. ಯಾವುದೋ ಹೊಲದ ವ್ಯಾಜ್ಯಕ್ಕೆ ಕೋರ್ಟಿಗೆ ಬಂದವರು ನನ್ನ ಅಂಗಡಿಯಲ್ಲಿ ಅರ್ಜಿ ಟೈಪು ಮಾಡಿಸಿದರು. ಹಾಳೆ ಕೈಗೆ ಕೊಟ್ಟೊಡನೆ ಕನ್ನಡಕ ಹಣೆಗೇರಿಸಿ ಹತ್ತಿರ ಹಿಡಿದು ಓದಿದರು.

"ತಂಗೀ, ಇಲ್ಲಿ ನೋಡವಾ. ವಾರಸುದಾರ ಅನ್ನೂದು ವರಸುದಾರ ಆಗೇತಿ."

ತಿದ್ದಿಕೊಡುತ್ತ, ಇಂಥ ತಪ್ಪು ಹಿಡಿಯುವ ಪ್ರೋಗ್ರಾಮು ಮಾಡುತ್ತಿದ್ದೇನೆ, ಆದರೆ ಅದಕ್ಕೆ ಬೇಕಾದಷ್ಟು ಶಬ್ದಗಳಿಲ್ಲ ಅಂದೆ. ಅವರು ಬೆಂಚಿನ ಮೇಲೆ ಮತ್ತೆ ಕೂತರು. "ಶಬ್ದ ಬೇಕಾ? ಎಷ್ಟು ಬೇಕು?" ಅಂದರು. ಕೇಳಿದ ಧಾಟಿ ಮೆಣಸಿನಕಾಯಿ ಚೀಲ ಎಷ್ಟು ಬೇಕು ಅಂದ ಹಾಗಿತ್ತು. ಚಿಕ್ಕಂದಿನಿಂದ ನಿಘಂಟು ಓದುವ ಹುಚ್ಚು ಅವರಿಗೆ. ಒಂದು ತಿಂಗಳೊಳಗೆ ದಲಾಲಿ ವ್ಯಾಪಾರದ ತಮ್ಮ ಅಡತಿ ಅಂಗಡಿಯ ಕಂಪ್ಯೂಟರಿನಲ್ಲಿ ಕನ್ನಡ ಟೈಪಿಂಗ್ ಕಲಿತು, ಒಂದೊಂದು ಅಕ್ಷರಕ್ಕೆ ಒಂದೊಂದು ಕಡತ ಮಾಡಿ, ಅ, ಆ, ಕ, ಖ ಎಂದು ಕನ್ನಡದಲ್ಲೇ ಹೆಸರಿಟ್ಟು ಶಬ್ದ ತುಂಬತೊಡಗಿದರು.

ಮೇಡ್ಲೇರಿಯವಳು ಒಂದು ಮಿಂಚಂಚೆಯಾಗಿ ಬಂದಳು. ನನ್ನ ಪ್ರೋಗ್ರಾಮು ವಿಭಕ್ತಿ ಪ್ರತ್ಯಯಗಳನ್ನು ಬಿಡಿಸುವ ರೀತಿಯೇ ಸರಿಯಿಲ್ಲ ಎಂದು ಬರೆದು, ಸರಿಯಾದ ರೀತಿಯನ್ನೂ ಬರೆದು ಕಳಿಸಿದ್ದಳು. ಯಾರೋ ಪ್ರೊಫೆಸರು ಇರಬೇಕು ಅಂದುಕೊಂಡು ಅಂಜುತ್ತಲೇ ಉತ್ತರಿಸಿದೆ. ರಾಣೇಬೆನ್ನೂರಿನ ಹುಡುಗಿ, ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದಿ, ಮೇಡ್ಲೇರಿಯ ರೈತರ ಮನೆಗೆ ಸೊಸೆಯಾಗಿ ಹೋದವಳು ಎಂದು ಆಮೇಲೆ ತಿಳಿಯಿತು. ಬೀಜದ ಚೀಲ ಇಡುವ ಕೋಣೆಯ ಒಂದು ಮೂಲೆಯಲ್ಲಿ ಅವಳ ಕಂಪ್ಯೂಟರು. ಮನೆಗೆಲಸ ಮುಗಿದ ಮೇಲೆ, ಕರೆಂಟು ಇದ್ದಷ್ಟು ಹೊತ್ತು, ಅವಳು ಕೆಲಸ ಮಾಡುತ್ತಿದ್ದಳು. ಅವಳು ಬರೆದ ಪ್ರೋಗ್ರಾಮನ್ನು ಓದುವುದು ನನಗೆ ಒಂದು ಸುಖ. ಬೇಡದ ಒಂದು ಸಾಲು ಇರುತ್ತಿರಲಿಲ್ಲ, ಬೇಕಾದದ್ದು ಬಿಟ್ಟಿರುತ್ತಿರಲಿಲ್ಲ.

ಮೂವರು ಮೂರು ಊರಿನಲ್ಲಿ ಕೂತು ಒಂದೇ ಕೆಲಸ ಮಾಡುವಾಗ ಯಾರು, ಯಾವಾಗ, ಏನು ಬದಲಿಸಿದರು ಅನ್ನುವುದರ ಚರಿತ್ರೆ ಬೇಕಾಗುತ್ತದೆ. ಅದಕ್ಕೆಂದೇ ತಂತ್ರಾಂಶಗಳಿವೆ. ನಾವು ಮೊದಲು ಬಳಸುತ್ತಿದ್ದುದರಲ್ಲಿ ಆ ಚರಿತ್ರೆಯೆಲ್ಲ ದೂರದ ಒಂದು ಸರ್ವರಿನಲ್ಲಿ ಇರುತ್ತಿತ್ತು. ಒಂದು ಬದಲಾವಣೆಯನ್ನು ದಾಖಲಿಸಬೇಕಾದರೂ ಇಂಟರ್ನೆಟ್ ಬೇಕು. ನನಗೆ ಹಾವೇರಿಯಲ್ಲಿ ಅದು ಇತ್ತು. ಬ್ಯಾಡಗಿಯಲ್ಲಿ ಆಗಾಗ ಇರುತ್ತಿತ್ತು. ಮೇಡ್ಲೇರಿಯಲ್ಲಿ ಇರಲೇ ಇಲ್ಲ. ಅವಳು ವಾರಗಟ್ಟಲೆ ಮಾಡಿದ್ದನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಬಸ್ಸು ಹತ್ತಿ ರಾಣೇಬೆನ್ನೂರಿನ ಸೈಬರ್ ಕೆಫೆಗೆ ಬಂದು ಒಮ್ಮೆಲೇ ಏರಿಸುತ್ತಿದ್ದಳು.

ಹೀಗೆ ಏರಿಸುವಾಗ ಒಂದು ಸಲ ಕಾಕಾ ಅದೇ ವಾರ ಸೇರಿಸಿದ್ದ ಶಬ್ದಗಳ ಮೇಲೆ ಅವಳ ಹಳೆಯ ಕಡತಗಳು ಕೂತುಬಿಟ್ಟವು. ಸರ್ವರಿನ ಹಳೆಯ ಪ್ರತಿಯಿಂದ ನಾನು ಹೆಕ್ಕಿ ತೆಗೆದು ಕೂಡಿಸಿದೆ. ಆದರೆ ಯಾವ ಬದಲಾವಣೆ ಯಾಕೆ ಆಯಿತು ಅನ್ನುವುದು ಕಲಸಿಹೋಗಿತ್ತು. ಕಾಕಾ ಮಾತ್ರ "ಹೋಗ್ಲಿ ಬಿಡವಾ, ಶಬ್ದ ಎಲ್ಲಿ ಓಡಿ ಹೋಕ್ಕಾವ? ತಲ್ಯಾಗ ಅದಾವ" ಎಂದು ನಕ್ಕರು. ಅವಳು ನಗಲಿಲ್ಲ. ಎಸ್‌ಟಿಡಿ ಬೂತಿನಿಂದ ನನಗೆ ಫೋನು ಮಾಡಿದಳು.

"ಅಕ್ಕಾ, ತಪ್ಪು ನಂದಲ್ಲ, ಕಾಕಾರದೂ ಅಲ್ಲ. ಚರಿತ್ರಾ ಅಷ್ಟು ದೂರ ಇಟ್ಟಿರೂದ ತಪ್ಪು. ಅದು ನಮ್ಮ ಮೂರೂ ಮಂದಿ ಮನ್ಯಾಗ ಇರಬೇಕು, ಪೂರ್ತಿ."

ಅಂಥ ತಂತ್ರಾಂಶಗಳು ಆಗಷ್ಟೇ ಹೆಸರು ಮಾಡತೊಡಗಿದ್ದವು. ಎರಡು ಸಾವಿರದ ಎಂಟರ ಆಸುಪಾಸು. ಗಿಟ್, ಮರ್ಕ್ಯುರಿಯಲ್, ಬಜಾರ್ ಎಂಬ ಮೂರರ ಮಾತು ಎಲ್ಲೆಡೆ ಇತ್ತು. ಮೂರರಲ್ಲೂ ಪ್ರತಿಯೊಬ್ಬರ ಕಂಪ್ಯೂಟರಿನಲ್ಲೂ ಪೂರ್ತಿ ಚರಿತ್ರೆ ಇರುತ್ತದೆ. ಇಂಟರ್ನೆಟ್ ಇಲ್ಲದೆಯೂ ಒಂದೊಂದೇ ಬದಲಾವಣೆಯನ್ನು ಕಾರಣ ಬರೆದು ದಾಖಲಿಸಬಹುದು. ಆಮೇಲೆ ಎಂದಾದರೂ, ಪೆನ್‌ಡ್ರೈವಿನಲ್ಲಾದರೂ ಸರಿ, ಒಬ್ಬರದನ್ನು ಇನ್ನೊಬ್ಬರದರೊಂದಿಗೆ ಕೂಡಿಸಬಹುದು. ಇದರಲ್ಲಿ ಯಾವುದು ಮೇಲು ಎಂದು ಇಂಟರ್ನೆಟ್ಟಿನಲ್ಲಿ ಜನ ಬಡಿದಾಡುತ್ತಿದ್ದರು. ಓದಿ ಓದಿ ನನ್ನ ತಲೆ ಕೆಟ್ಟಿತ್ತು.

ಮಾರುಕಟ್ಟೆಯಿಲ್ಲದ ಒಂದು ದಿನ ರಾಣೇಬೆನ್ನೂರಿನಲ್ಲಿ ಅವಳ ಸೋದರಮಾವನ ಮನೆಯಲ್ಲಿ ಸೇರಿದೆವು. ನಾವು ಮೂವರೂ ಒಟ್ಟಿಗೆ ಕೂತದ್ದು ಅದೇ ಮೊದಲು. ಅವಳು ನಾನೆಣಿಸಿದ್ದಕ್ಕಿಂತ ಚಿಕ್ಕವಳು, ಕಾಕಾ ಅವಳೆಣಿಸಿದ್ದಕ್ಕಿಂತ ದೊಡ್ಡವರು. ಅವಳಿಗೆ ಗಿಟ್ ಬೇಕಿತ್ತು. ಅದರ ವೇಗಕ್ಕೆ ಮರುಳಾಗಿದ್ದಳು. ಮನೆಯಲ್ಲಿ ಆಗಲೇ ನಮ್ಮ ಇಡೀ ಕೆಲಸವನ್ನು ಅದರಲ್ಲಿಟ್ಟುಕೊಂಡು ನೋಡಿದ್ದಳು. ನಾನು ಮರ್ಕ್ಯುರಿಯಲ್ ಅಂದೆ. ಅದು ನನಗೆ ಬೇಗ ತಿಳಿದಿತ್ತು, ಅಷ್ಟೇ ಕಾರಣ.

"ನಿಮ್ಮದೇನ್ರಿ ಕಾಕಾರ?" ಅಂದಳು.

"ನಂದೇನವಾ? ನೀವಿಬ್ರೂ ಯಾವ್ದು ಅಂತೀರಿ, ನನಗ ಅದ."

"ಹಂಗಂದ್ರ ಆಗೂದಿಲ್ರಿ. ದಿನಾ ಕೈ ಹಚ್ಚವರು ನೀವು."

ಆಮೇಲೆ ಅವಳು ಹೇಳಿದ್ದನ್ನು ನಾನು ಬೇರೆ ಎಷ್ಟೋ ಕಡೆ ಉಪಯೋಗಿಸಿದ್ದೇನೆ. "ಮೂರನ್ನೂ ಮೂರೂ ಮಂದಿ ಹಚ್ಚಿ ನೋಡೂಣು. ಯಾವ್ದು ಚಲೋ ಅಂತ ಈಗ ಬ್ಯಾಡ. ಯಾರಿಗೆ ಯಾವ್ದು ಎಲ್ಲಿ ಚುಚ್ಚತೈತಿ, ಅದನ್ನಷ್ಟ ಹೇಳೂಣು."

ನಾನು ನನ್ನ ಅಂಗಡಿಯಲ್ಲಿ ಮೂರನ್ನೂ ಹಾಕಿಕೊಂಡು ನೋಡಿದೆ. ಅವಳು ತನ್ನಲ್ಲಿ ನೋಡಿದಳು. ಕಾಕಾ ಹೇಗೆ ಮಾಡುತ್ತಾರೆ ಅನ್ನುವುದನ್ನು ಮಾತ್ರ ತಾನು ಪಕ್ಕದಲ್ಲಿ ಕೂತು ನೋಡಬೇಕು ಎಂದು ಹಟ ಹಿಡಿದಳು. ಸೊಸೆ ಕಂಪ್ಯೂಟರಿನ ಕೆಲಸಕ್ಕೆಂದು ಬ್ಯಾಡಗಿಯ ಅಡತಿ ಅಂಗಡಿಗೆ ಹೋಗುವುದು ಮನೆಯವರಿಗೆ ಹೇಗೆ ಕಂಡೀತೋ ಎಂದು ನಾನು ಅನುಮಾನಿಸಿದೆ. ಅವಳ ಅತ್ತೆಯೇ ದಾರಿ ಮಾಡಿದರು. ತಮಗೂ ಕಾಗಿನೆಲೆಗೆ ಹೋಗಿ ಬಹಳ ದಿನವಾಯಿತು ಎಂದು ಜೊತೆಗೆ ಹೊರಟರು. ಬ್ಯಾಡಗಿಯಲ್ಲಿ ಸೊಸೆಯನ್ನು ಇಳಿಸಿ, "ನಿನ್ನ ಕೆಲಸ ಪೂರಾ ಮುಗಿಸ್ಕೊ. ನಾ ಬರೂತನಕ ಗಡಿಬಿಡಿ ಮಾಡಬ್ಯಾಡ" ಎಂದು ಹೇಳಿ ಅವರು ಮುಂದಿನ ಬಸ್ಸು ಹಿಡಿದರು. ನಾನು ಹಾವೇರಿಯಿಂದ ಬಂದು ನಿಲ್ದಾಣದಲ್ಲೇ ಕಾದಿದ್ದೆ.

ಕಾಕಾರ ಅಂಗಡಿ ಚೀಲಗಳ ನಡುವೆ ಇತ್ತು. ಒಳಗೆ ಕಾಲಿಡುತ್ತಲೇ ನಾವಿಬ್ಬರೂ ಸೀನತೊಡಗಿದೆವು. ಅವರು ಅಭ್ಯಾಸವಾದ ಮುಖದಿಂದ ನೀರಿನ ತಂಬಿಗೆ ಮುಂದೆ ಇಟ್ಟರು. ಕಂಪ್ಯೂಟರಿಗೆ ಧೂಳು ಹೋಗದಂತೆ ದಪ್ಪ ದುಪ್ಪಟಿ ಹೊದಿಸಿದ್ದರು. ಅದನ್ನು ತೆಗೆದು, ಮಡಚಿಟ್ಟು, ಕೂತರು. ಅವರದು ವಿಂಡೋಸ್ ಯಂತ್ರ. ಅವಳದೂ ನನ್ನದೂ ಲಿನಕ್ಸ್. ಇದು ಅಷ್ಟು ದೊಡ್ಡ ವ್ಯತ್ಯಾಸವಾದೀತು ಎಂದು ನನಗೆ ಹೊಳೆದಿರಲಿಲ್ಲ.

ಮೊದಲು ಗಿಟ್. ಅವಳ ಪೆನ್‌ಡ್ರೈವಿನಿಂದ ಇಡೀ ಚರಿತ್ರೆ ಕಣ್ಣು ಮಿಟುಕಿಸುವಷ್ಟರಲ್ಲಿ ಇಳಿಯಿತು. ಅವಳ ಮುಖ ಅರಳಿತು. ಕಾಕಾ ಕಡತಗಳ ಪಟ್ಟಿ ತೆರೆದರು. ಅ, ಆ, ಇ ಇರಬೇಕಾದ ಜಾಗದಲ್ಲಿ ತಲೆಬುಡವಿಲ್ಲದ ಪರದೇಶಿ ಚಿಹ್ನೆಗಳು.

"ಇದ್ಯಾವ ದೇಶದ ಭಾಷಾನವಾ?" ಅಂದರು.

ಅವಳು ಏನೇನೋ ಮಾಡಿ ನೋಡಿದಳು. ಆ ದಿನಗಳಲ್ಲಿ ವಿಂಡೋಸಿನಲ್ಲಿ ಅದಕ್ಕೆ ಕನ್ನಡದ ಹೆಸರುಗಳು ತಿಳಿಯುತ್ತಿರಲಿಲ್ಲ. ಮರ್ಕ್ಯುರಿಯಲ್ ಹಾಕಿದೆವು. ಅದರಲ್ಲಿ ಪ್ರತಿ ಅಕ್ಷರದ ಜಾಗದಲ್ಲೂ ಒಂದೊಂದು ಪ್ರಶ್ನಾರ್ಥಕ ಚಿಹ್ನೆ, ಕಡತಗಳು ತೆರೆಯಲೂ ಇಲ್ಲ. "ಬರೇ ಪ್ರಶ್ನೀನ ಕೇಳಾಕತ್ತೇತಿ. ಉತ್ತರ ಯಾವಾಗ ಹೇಳತೈತಿ?" ಎಂದು ಕಾಕಾ ನಕ್ಕರು. ನನ್ನ ಆಯ್ಕೆ ಅದು, ನಾನೂ ನಗಬೇಕಾಯಿತು.

ಕೊನೆಗೆ ಬಜಾರ್. ಅದು ನೀರಿಗೆ ಬಿದ್ದ ಎಮ್ಮೆಯ ಹಾಗೆ ನಿಧಾನ. ಚರಿತ್ರೆ ಇಳಿಯುವಷ್ಟರಲ್ಲಿ ಚಹಾ ತರಿಸಿ ಕುಡಿದೆವು. ಎರಡನೆಯ ಸಲವೂ ತರಿಸಿದೆವು. ಆಮೇಲೆ ಕಾಕಾ ಪಟ್ಟಿ ತೆರೆದರೆ ಅ, ಆ, ಇ, ಈ ಸಾಲಾಗಿ ನಿಂತಿದ್ದವು. ಅವರು ಕ ತೆರೆದು ಒಂದು ಶಬ್ದ ಸೇರಿಸಿ ದಾಖಲಿಸಿದರು. ಬದಲಾವಣೆಗೆ ಸಿಕ್ಕಿದ್ದು ಸುಮ್ಮನೆ ಒಂದು ಅಂಕಿ, ಹಿಂದಿನದಕ್ಕೆ ಒಂದು ಕೂಡಿಸಿದ್ದು. ಗಿಟ್‌ನಲ್ಲಾದರೆ ನಲವತ್ತು ಅಕ್ಷರದ ಉದ್ದನೆಯ ಸಂಕೇತ ಬರುತ್ತಿತ್ತು.

ನಾನು ಒಂದು ಉಪಾಯ ಹೇಳಿದೆ. ಕಡತಗಳ ಹೆಸರನ್ನೆಲ್ಲ ಇಂಗ್ಲಿಷಿಗೆ ಬದಲಿಸಿದರೆ ಯಾವ ತಂತ್ರಾಂಶವಾದರೂ ನಡೆಯುತ್ತದೆ. ಜಗತ್ತಿನಲ್ಲಿ ಎಲ್ಲರೂ ಹಾಗೆಯೇ ಮಾಡುವುದು.

ಕಾಕಾ ಪರದೆಯ ಮೇಲಿನ ಪಟ್ಟಿಯನ್ನು ಮತ್ತೊಮ್ಮೆ ಮೇಲಿಂದ ಕೆಳಗೆ ನೋಡಿದರು. "ಮಾಡ್ರವಾ. ಆದ್ರ ಟ ಮತ್ತ ತ ಎರಡೂ ಇಂಗ್ಲಿಷಿನ್ಯಾಗ ಹೆಂಗ ಬರಿತೀರಿ? ಲ, ಳ? ಒಂದರಾಗ ಹುಡುಕಿದ್ದು ಇನ್ನೊಂದರಾಗ ಸಿಕ್ಕೀತು." ಆಮೇಲೆ ಹೇಳಿದರು. "ಕನ್ನಡದ ಶಬ್ದಾ ಕಾಯೂ ಕೆಲಸ ಇದು. ಅದಕ್ಕ ಕನ್ನಡದ ಹೆಸರು ಇಡಾಕ ಬರೂದಿಲ್ಲ ಅಂದ್ರ ಮನಸ್ಸಿಗೆ ಒಂಥರಾ ಆಕ್ಕೇತಿ. ಇದು ನನ್ನ ಹುಚ್ಚು ಇರಬಹುದು. ನೀವು ತಿಳಿದವರು, ನೋಡ್ರಿ."

ಸಂಜೆಗೆ ಅತ್ತೆ ಕಾಗಿನೆಲೆಯಿಂದ ಪ್ರಸಾದ ಹಿಡಿದು ಬಂದರು, ಇಬ್ಬರೂ ಬಸ್ಸು ಹತ್ತಿದರು. ಕಿಟಕಿಯಿಂದ ಕೈ ಬೀಸುವಾಗಲೂ ಅವಳ ಮುಖ ಗಂಭೀರವಾಗಿಯೇ ಇತ್ತು. ಗಿಟ್ ಬಿಡಲು ಅವಳಿಗೆ ಎಷ್ಟು ಕಷ್ಟ ಎಂದು ನನಗೆ ಗೊತ್ತಿತ್ತು. ಹೆಸರು ಬದಲಿಸುವ ನನ್ನ ಉಪಾಯವನ್ನು ಹಿಡಿದುಕೊಂಡರೆ ಅವಳಿಗೆ ಬೇಕಾದದ್ದು ಸಿಕ್ಕೇ ಸಿಗುತ್ತಿತ್ತು. ಕಾಕಾ ತಕರಾರು ಮಾಡುವವರಲ್ಲ. ನಾನಂತೂ ಆಗಲೇ ಮಣಿದಿದ್ದೆ.

ಮುಂದಿನ ಸಲ ರಾಣೇಬೆನ್ನೂರಿನಲ್ಲಿ ಸೇರಿದಾಗ ಅವಳೇ ಮಾತು ಶುರು ಮಾಡಿದಳು. ಬಜಾರ್‌ನ ದೋಷಗಳನ್ನೇ ಮೊದಲು ಹೇಳಿದಳು. ನಿಧಾನ. ಬಳಸುವವರು ಕಡಿಮೆ. ಮುಂದೆ ಉಳಿಯುತ್ತದೋ ಇಲ್ಲವೋ ಹೇಳಲಾಗದು. ಒಂದನ್ನೂ ಮುಚ್ಚಿಡಲಿಲ್ಲ. ಗಿಟ್ ಯಾಕೆ ತನಗೆ ಇಷ್ಟ ಅನ್ನುವುದನ್ನು ಮನಸ್ಸು ತುಂಬಿ ಹೇಳಿದಳು. ಕೇಳುತ್ತಿದ್ದ ನನಗೆ, ಇವಳು ಅದನ್ನೇ ಕೇಳುತ್ತಾಳೆ ಅನ್ನಿಸಿತು.

"ಆದ್ರ ನಾವು ಬಜಾರ್ ತೊಗೊಳ್ಳೂಣು" ಅಂದಳು.

"ಯಾಕವಾ? ನನ್ನ ಸಲುವಾಗಿ ಬ್ಯಾಡ" ಅಂದರು ಕಾಕಾ.

"ನಿಮ್ಮ ಸಲುವಾಗಿ ಅಲ್ರಿ ಕಾಕಾರ. ನಾಳೆ ನಿಮ್ಮಂಥವ್ರು ಇನ್ನೂ ಹತ್ತು ಮಂದಿ ಶಬ್ದಾ ಕೊಡಾಕ ಬಂದ್ರ, ಅವರ ಹತ್ರ ಇರೂದು ಇಂಥಾ ಮಷೀನ. ನನ್ನಂಥವ್ರು ಹೆಂಗಾರ ಮಾಡಿ ಕಲಿತೇವಿ. ನಿಧಾನ ಆದ್ರ ನಾ ಕಾಯತೇನಿ. ಹೆಸರು ಕೆಟ್ರ ಅವರು ತಿರುಗಿ ಹೋಗತಾರ."

ಕಾಕಾ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ನನ್ನ ಮರ್ಕ್ಯುರಿಯಲ್‌ನ ಮಾತು ಮತ್ತೆ ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. "ಹೆಸರರ ಚಲೋ ಐತಿ ಬಿಡ್ರಿ. ಬಜಾರದಾಗ ಹುಟ್ಟಿ ಬಜಾರದಾಗ ಬೆಳೆದಾವ್ನಿಗೆ ಬಜಾರನ ಬಂತು" ಎಂದು ಕಾಕಾ ಅಂದಾಗ ಮೂವರೂ ನಕ್ಕೆವು. ಪಕ್ಕದ ಖಾನಾವಳಿಯಲ್ಲಿ ಬಿಸಿ ರೊಟ್ಟಿ, ಎಣ್ಣೆಗಾಯಿ ಉಂಡು ಅವರವರ ಬಸ್ಸು ಹಿಡಿದೆವು.

ಆರಿಸಿ ಸುಮ್ಮನೆ ಕೂರುವವಳಲ್ಲ ಅವಳು. ಕಾಕಾರಿಗೆಂದು ಕಂಪ್ಯೂಟರಿನ ಪರದೆಯ ಮೇಲೆ ಮೂರು ಗುಂಡಿಗಳಿರುವ ಒಂದು ಸಣ್ಣ ಕಿಟಕಿ ಮಾಡಿಕೊಟ್ಟಳು. ತರು, ಉಳಿಸು, ಕಳಿಸು. ಕಪ್ಪು ಪರದೆಯಲ್ಲಿ ಆಜ್ಞೆ ಟೈಪು ಮಾಡುವ ಕಷ್ಟ ಅವರಿಗೆ ತಪ್ಪಿತು. ಆದರೂ ಅವರು ಸ್ವಲ್ಪ ದಿನದಲ್ಲೇ ಆ ಆಜ್ಞೆಗಳನ್ನೂ ಕಲಿತುಕೊಂಡರು. ಗುಂಡಿ ಒತ್ತುವಾಗ ಒಳಗೇನಾಗುತ್ತದೆ ತಿಳಿಯಬೇಡವೇ ಎಂದು ಕೇಳಿದರು. ಆ ವಯಸ್ಸಿನಲ್ಲಿ ಅಷ್ಟು ಕುತೂಹಲ ಇಟ್ಟುಕೊಂಡವರನ್ನು ನಾನು ಬೇರೆ ಕಂಡಿಲ್ಲ.

ಆ ಮಳೆಗಾಲದಲ್ಲಿ ಮೇಡ್ಲೇರಿಯ ಕಡೆ ಫೋನಿನ ತಂತಿಗಳು ಬಿದ್ದು, ಅವಳ ಸುದ್ದಿಯೇ ಇಲ್ಲದ ಹಾಗಾಯಿತು. ತುಂಗಭದ್ರೆ ತುಂಬಿ ಹರಿಯುತ್ತಿದ್ದಳು, ಗದ್ದೆಯ ಕೆಲಸವೂ ಜೋರು. ನಾನೂ ಕಾಕಾರೂ ನಮ್ಮ ಪಾಡಿಗೆ ಕೆಲಸ ಮಾಡುತ್ತ ಹೋದೆವು. ಮೊದಲಿನ ಹಾಗಿದ್ದರೆ ಅವಳಿಗಾಗಿ ಕೈಕಟ್ಟಿ ಕೂರಬೇಕಿತ್ತು. ಕೊನೆಗೊಮ್ಮೆ ಅವಳ ಗಂಡ ರಸಗೊಬ್ಬರಕ್ಕೆಂದು ರಾಣೇಬೆನ್ನೂರಿಗೆ ಬರುವವರಿದ್ದಾಗ ಅವಳೂ ಜೊತೆಗೆ ಬಂದಳು. ಅಲ್ಲಿಂದ ಅವಳು ಫೋನು ಮಾಡಿದ ಕೂಡಲೇ ನಾನೂ ಕಾಕಾರೂ ಹೊರಟು ಹೋಗಿ, ಸೈಬರ್ ಕೆಫೆಯಲ್ಲಿ ಮೂವರ ಕೆಲಸವನ್ನು ಕೂಡಿಸಲು ಕೂತೆವು. ಆ ದಿನಗಳಲ್ಲಿ ಅವಳು ಮಾಡಿದ್ದು ಒಂದೊಂದೂ ಕಾರಣ ಸಮೇತ ಬೇರೆ ಬೇರೆಯಾಗಿ ದಾಖಲಾಗಿತ್ತು. ಓದುತ್ತ ಹೋದರೆ ಅವಳು ಹೇಗೆ ಯೋಚಿಸಿದಳು ಅನ್ನುವುದೇ ಕಾಣುತ್ತಿತ್ತು. ಒಂದು ಕಡೆ ತಪ್ಪು ದಾರಿ ಹಿಡಿದು, ತಿಳಿದು, ಹಿಂದಿರುಗಿ, ಬೇರೆ ದಾರಿ ಹಿಡಿದದ್ದೂ ಹಾಗೇ ಇತ್ತು.

ಕೂಡಿಸುವಾಗ ಬಹುತೇಕ ಎಲ್ಲ ತಾನಾಗಿಯೇ ಸೇರಿಕೊಂಡಿತು. ಅವಳೂ ಕಾಕಾರೂ ಒಂದೇ ಶಬ್ದವನ್ನು ಬೇರೆ ಬೇರೆ ತಿದ್ದಿದ್ದ ಕೆಲವು ಕಡೆ ಮಾತ್ರ ಬಜಾರ್ ನಿಂತು ನಮ್ಮನ್ನು ಕೇಳಿತು.

"ಇದು ಮರ್ಯಾದಿ ನೋಡ್ರಿ" ಅಂದರು ಕಾಕಾ. "ಇಬ್ಬರ ಮಾತು ಬ್ಯಾರೆ ಆದ್ರ ತಾನ ನ್ಯಾಯಾ ಹೇಳೂದಿಲ್ಲ. ಇಬ್ಬರನ್ನೂ ಕರದು ಕುಂದ್ರಸತೈತಿ."

ಹಾಗೆ ಕೂತಾಗಲೇ ಒಂದು ದೊಡ್ಡ ಚರ್ಚೆ ಎದ್ದಿತು. ಮೆಣಸಿನಕಾಯಿ ಸರಿ, ಮೆಣಶಿನಕಾಯಿ ತಪ್ಪು ಎಂದು ಅವಳ ನಿಯಮ. ನಮ್ಮ ಸೀಮೆಯವರ ಬಾಯಲ್ಲಿರುವ ಶಬ್ದದ ಕೆಳಗೆ ಕೆಂಪು ಗೆರೆ ಎಳೆಯಲು ಕಂಪ್ಯೂಟರು ಯಾರು ಎಂದು ಕಾಕಾರ ವಾದ. ಕೋರ್ಟಿನ ಅರ್ಜಿಯಲ್ಲಿ ಆಡುಮಾತು ಬಂದರೆ ನನ್ನ ಗಿರಾಕಿಗಳು ಒಪ್ಪುವುದಿಲ್ಲ ಎಂದು ನನ್ನ ಚಿಂತೆ. ಮೂವರೂ ಬಿಟ್ಟುಕೊಡಲಿಲ್ಲ. ಆಗ ಅವಳಿಗೆ ಹೊಳೆಯಿತು.

"ಕಾಕಾರ, ನೀವು ನಿಮ್ದ ಬ್ಯಾರೆ ಒಂದು ಬ್ರಾಂಚ್ ಇಟ್ಕೊಳ್ರಿ. ಅದರಾಗ ಆಡುಮಾತಿನ ಶಬ್ದ ಎಲ್ಲಾ ಇರ್ಲಿ. ಮೂಲದಾಗ ಆದ ಸುಧಾರಣಾ ನಿಮ್ಮ ಕಡೆ ಬರತಾವ, ನಿಮ್ಮಲ್ಲಿಂದ ಬೇಕಾದ್ದು ನಾವು ತೊಗೋತೇವಿ. ಜಗಳ ಇಲ್ಲ."

"ಟೊಂಗಿ ಅನ್ನು. ಗಿಡ ಒಂದ, ಟೊಂಗಿ ಬ್ಯಾರೆ." ಕಾಕಾರಿಗೆ ಅದು ಬಹಳ ಹಿಡಿಸಿತು. ಅಂದಿನಿಂದ ನಮ್ಮ ಪತ್ರವ್ಯವಹಾರದಲ್ಲಿ ಬ್ರಾಂಚ್ ಹೋಗಿ ಟೊಂಗಿಯೇ ಉಳಿಯಿತು. ಆ ಟೊಂಗಿಯಲ್ಲಿ ಅವರು ಅಡತಿ ಅಂಗಡಿಯ ಮಾತು, ಹಮಾಲರ ಮಾತು, ಹಿಟ್ಟು ಬೀಸುವ ಹೆಂಗಸರ ಮಾತು ಎಲ್ಲ ತುಂಬಿದರು. ಯಾವ ಶಬ್ದವನ್ನು ಯಾರ ಬಾಯಲ್ಲಿ ಕೇಳಿದೆ ಎಂದು ಪ್ರತಿ ದಾಖಲೆಗೂ ಒಂದು ಸಾಲು ಬರೆದರು.

ಅವಳು ಅಂದದ್ದೇ ಆಯಿತು. ಕೆಲವು ವರ್ಷಗಳಲ್ಲಿ ಜಗತ್ತೆಲ್ಲ ಗಿಟ್ ಕಡೆ ಹೋಯಿತು, ಬಜಾರ್‌ನ ಕೆಲಸ ನಿಂತಿತು. ನಮ್ಮ ಆಯ್ಕೆಯನ್ನು ನೋಡಿ ಇಂಟರ್ನೆಟ್ಟಿನಲ್ಲಿ ಯಾರೋ ಮೊದಲೇ "ಸೋಲುವ ಕುದುರೆಗೆ ಕಟ್ಟಿದ್ದೀರಿ" ಎಂದು ಬರೆದಿದ್ದರು. ಅಷ್ಟರಲ್ಲಿ ಗಿಟ್‌ಗೂ ವಿಂಡೋಸಿನಲ್ಲಿ ಕನ್ನಡದ ಹೆಸರುಗಳು ತಿಳಿಯತೊಡಗಿದ್ದವು. ಅವಳು ಒಂದು ದಿನ ಕೂತು ಇಡೀ ಚರಿತ್ರೆಯನ್ನು ಗಿಟ್‌ಗೆ ಸಾಗಿಸಿದಳು. ಒಂದು ದಾಖಲೆ ಕಳೆಯಲಿಲ್ಲ. ಕಾಕಾ ಬರೆದ ಸಾಲುಗಳು, ಶಬ್ದ ಹೇಳಿದವರ ಹೆಸರು ಸಮೇತ, ಹಾಗೆಯೇ ಬಂದವು.

ಫೋನಿನಲ್ಲಿ ನಾನು ಕೇಳಿದೆ. "ಮೊದಲಿಗೇ ಗಿಟ್ ತೊಗೊಂಡಿದ್ರ ಇಷ್ಟು ತ್ರಾಸ ಆಗತಿರಲಿಲ್ಲ, ಅಲ್ಲಾ?"

"ತ್ರಾಸ ಏನ ಬಂತು ಅಕ್ಕಾ? ಒಂದ ದಿನದ ಕೆಲಸ. ಆವತ್ತ ಗಿಟ್ ತೊಗೊಂಡಿದ್ರ ಕಾಕಾರ ಶಬ್ದ ಎಲ್ಲಿ ಬರತಿದ್ವು?" ಅಂದಳು. ಮತ್ತೆ ಅವಳೇ ಹೇಳಿದಳು, "ಇವತ್ತ ಮುಂಜಾನೆ ಅವರ ಟೊಂಗಿ ನೋಡಿದ್ರ್ಯಾ? ಹಾನಗಲ್ಲ ಕಡೆ ಯಾರೋ ಒಬ್ಬ ಟೀಚರ್ ಅದನ್ನ ಇಳಿಸ್ಕೊಂಡು, ತಮ್ಮ ಊರಿನ ಶಬ್ದ ಹಾಕಿ ಕಳಿಸ್ಯಾರ. ನೋಡ್ರಿ, ಬಾಳ ಚಲೋ ಅದಾವ."

ನಾನು ಫೋನಿಟ್ಟು ನೋಡಿದೆ. ಖರೇನೇ, ಬಹಳ ಚೆನ್ನಾಗಿದ್ದವು. ಅದರಲ್ಲಿ ಅರ್ಧಕ್ಕರ್ಧ ಶಬ್ದಗಳನ್ನು ನಾನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ.